ಟಯರಿನ ಮೇಲೊಂದು ಅಕ್ಷರ, ಅದರ ಮೇಲೆ ಹತ್ತು ಟನ್

ಟ್ರಕ್ಕಿನ ವೇಗ ಅದರ ಟಯರಿನ ತಾಳಿಕೆಯನ್ನು ಮೀರಬಹುದು ಎಂಬ ಒಂದೇ ಕಾರಣಕ್ಕೆ ಅಮೆರಿಕದಲ್ಲಿ ಕಂಪನಿಗಳು ವಾಹನಗಳನ್ನು ವಾಪಸ್ ಕರೆಸಿಕೊಳ್ಳುತ್ತವೆ. 2021ರಿಂದ ನಮ್ಮಲ್ಲೂ ಅಂಥ ಕಾನೂನು ಇದೆ. ಆದರೆ ಕಾರ್ಕಳದ ಕೋರೆಯಿಂದ ಜಲ್ಲಿ ಹೊತ್ತು ಇಳಿಯುವ ಟಿಪ್ಪರಿಗೆ ಎರಡನೇ ಸಲ ಹಾಕಿದ ಹಳೆ ಟಯರನ್ನು ವಾಪಸ್ ಕರೆಸುವವರು ಯಾರು?

ಏಪ್ರಿಲ್ ತಿಂಗಳ ಮಧ್ಯಾಹ್ನ. ಕುಕ್ಕುಂದೂರು ಜೋಡುರಸ್ತೆಯ ಟಯರ್ ಅಂಗಡಿಯ ಎದುರು ಟಿಪ್ಪರೊಂದು ಜಾಕಿನ ಮೇಲೆ ನಿಂತಿದೆ. ಹಿಂಬದಿಯ ಜೋಡಿ ಚಕ್ರದಲ್ಲಿ ಒಳಗಿನದ್ದು ಒಡೆದಿದೆ. ರಬ್ಬರಿನ ಪಟ್ಟಿ ಮೊಳದುದ್ದ ಕಿತ್ತು ಜೋತಾಡುತ್ತಿದೆ. ಅದರ ಅಂಚಿನಲ್ಲಿ ತುಕ್ಕು ಬಣ್ಣದ ಉಕ್ಕಿನ ಎಳೆಗಳು. ಹತ್ತಿರ ಹೋದರೆ ಸುಟ್ಟ ರಬ್ಬರಿನ ವಾಸನೆ ಗಂಟಲಿಗೆ ಹತ್ತುತ್ತದೆ.

ಹುಡುಗನೊಬ್ಬ ಲಾಕ್ ರಿಂಗಿಗೆ ಲಿವರ್ ಕೊಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದಾನೆ. ಡ್ರೈವರ್ ನೆರಳಿಗೆ ಸರಿದು ನಿಂತಿದ್ದಾರೆ.

"ಗಾಳಿ ಕಮ್ಮಿ ಇತ್ತಾ ಅಣ್ಣಾ?"

"ಬೆಳಿಗ್ಗೆ ನೋಡಿದ್ದೇನೆ ಮಾರಾಯ್ರೆ, ಸರಿಯೇ ಇತ್ತು. ಬಿಸಿಲು ನೋಡಿ ಹೇಗುಂಟು."

"ಒಂದು ಹಳೆಯದ್ದು ಉಂಟು. ಬಟನ್ ಒಳ್ಳೆದುಂಟು. ಸದ್ಯಕ್ಕೆ ಹಾಕುವಾ?"

"ಧನಿಗಳ ಹತ್ತಿರ ಒಂದು ಮಾತು ಕೇಳ್ತೇನೆ."

ಫೋನು ಹೋಗುತ್ತದೆ, ಒಪ್ಪಿಗೆ ಬರುತ್ತದೆ, ಹಳೆ ಟಯರು ಉರುಳಿಕೊಂಡು ಬರುತ್ತದೆ. ಬಟನ್, ಅಂದರೆ ನೆಲಕ್ಕೆ ತಾಗುವ ಮೈಯ ಉಬ್ಬುತಗ್ಗು, ಎಷ್ಟಿದೆ ಎಂದು ಎಲ್ಲರೂ ಬೆರಳಿಟ್ಟು ನೋಡುತ್ತಾರೆ. ಅದರ ಪಕ್ಕೆಯಲ್ಲಿ ಉಬ್ಬಾಗಿ ಅಚ್ಚೊತ್ತಿರುವ ಎರಡು ಸಂಖ್ಯೆ ಮತ್ತು ಒಂದು ಅಕ್ಷರವನ್ನು ಮಾತ್ರ ಯಾರೂ ಓದುವುದಿಲ್ಲ. ಮಳೆ ಹಿಡಿಯುವ ಮೊದಲು ಕಲ್ಲು, ಜಲ್ಲಿ, ಎಂಸ್ಯಾಂಡ್ ಎಲ್ಲ ಸಾಗಿಸಿ ಮುಗಿಸಬೇಕು. ಈ ಅವಸರದ ತಿಂಗಳುಗಳಲ್ಲಿ ಕರಾವಳಿಯ ಯಾವ ಜಂಕ್ಷನ್ನಿನಲ್ಲಿ ನಿಂತರೂ ಇಂಥ ನೋಟ ಸಿಗುತ್ತದೆ.

ಆ ಅಕ್ಷರ ಟಯರಿನ ವೇಗಮಿತಿ. ಅದರ ಹಿಂದಿನ ಸಂಖ್ಯೆಗಳು ಹೊರೆಯ ಮಿತಿ. ಈ ಎರಡು ಗಾಡಿಯ ವೇಗಕ್ಕೂ ಭಾರಕ್ಕೂ ಹೊಂದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲೋಕದಲ್ಲಿ ಬೇಕಾದಷ್ಟು ಸಾಕ್ಷಿ ಇದೆ. ಆದರೂ ನಮ್ಮ ಹೆದ್ದಾರಿಗಳಲ್ಲಿ ಅದು ಯಾರ ಲೆಕ್ಕಕ್ಕೂ ಬಾರದ ವಿಷಯವಾಗಿಯೇ ಉಳಿದಿದೆ.

ಒಂದು ಅಕ್ಷರಕ್ಕಾಗಿ ವಾಪಸ್

ಅಮೆರಿಕದಲ್ಲಿ ವಾಹನ ಸುರಕ್ಷತೆಯ ಹೊಣೆ ಹೊತ್ತಿರುವುದು ಎನ್‌ಎಚ್‌ಟಿಎಸ್‌ಎ ಎಂಬ ಸರ್ಕಾರಿ ಸಂಸ್ಥೆ. ಅಲ್ಲಿ ಆಗಾಗ ಒಂದು ಬಗೆಯ ವಾಪಸಾತಿ ನಡೆಯುತ್ತದೆ. ಟ್ರಕ್ಕಿನ ಎಂಜಿನ್ ಸರಿಯಾಗಿದೆ, ಬ್ರೇಕ್ ಸರಿಯಾಗಿದೆ, ಟಯರೂ ಹೊಸದು. ಆದರೆ ಗಾಡಿಯ ಕಂಪ್ಯೂಟರಿನಲ್ಲಿ ನಿಗದಿ ಮಾಡಿದ ಗರಿಷ್ಠ ವೇಗ ಟಯರಿಗೆ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿದೆ. ಇನ್ನೂ ಯಾರಿಗೂ ಅಪಾಯವಾಗಿಲ್ಲದಿದ್ದರೂ ಅದನ್ನು ಸುರಕ್ಷತಾ ದೋಷ ಎಂದೇ ಪರಿಗಣಿಸುತ್ತಾರೆ. ಮಾಲೀಕರಿಗೆ ಪತ್ರ ಹೋಗುತ್ತದೆ. ಡೀಲರ್ ಪುಕ್ಕಟೆಯಾಗಿ ಸಾಫ್ಟ್‌ವೇರ್ ತಿದ್ದಿ ವೇಗ ಇಳಿಸುತ್ತಾನೆ, ಇಲ್ಲವೇ ಟಯರ್ ಬದಲಿಸಿ ಕೊಡುತ್ತಾನೆ.

ಇದನ್ನು ಅತಿಯಾದ ಎಚ್ಚರ ಎನ್ನುವವರು 2000ನೇ ಇಸವಿಯನ್ನು ನೆನೆಯಬೇಕು. ಆ ವರ್ಷದ ಆಗಸ್ಟ್ 9ರಂದು ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟಯರುಗಳನ್ನು ವಾಪಸ್ ಕರೆಸಿತು. ಅವುಗಳಲ್ಲಿ ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದವು. ಬಿಸಿ ರಸ್ತೆಯಲ್ಲಿ, ವೇಗದಲ್ಲಿ, ಭಾರ ಹೊತ್ತು ಓಡುವಾಗ ಟಯರಿನ ಮೇಲ್ಪದರ ಕಿತ್ತು ಬಂದು ಗಾಡಿ ಮಗುಚುತ್ತಿತ್ತು. ಫೋರ್ಡ್ ಹೇಳಿದ್ದು 26 ಪೌಂಡ್ ಗಾಳಿ. ಫೈರ್‌ಸ್ಟೋನ್ 30 ಬೇಕು ಎಂದಿತು. ತಪ್ಪು ಟಯರಿನದ್ದೋ ಗಾಡಿಯದ್ದೋ ಎಂದು ಎರಡು ಕಂಪನಿಗಳು ಜಗಳಾಡಿದವು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ಸತ್ತವರು 271 ಮಂದಿ.

ಗಲ್ಫಿಗೆ ದುಡಿಯಲು ಹೋಗುವವರಿರುವ ನಮ್ಮ ಜಿಲ್ಲೆಯವರಿಗೆ ಈ ಕತೆಯ ಇನ್ನೊಂದು ತುದಿ ಹತ್ತಿರದ್ದು. ಅಮೆರಿಕಕ್ಕೆ ಒಂದು ವರ್ಷ ಮೊದಲೇ, 1999ರಲ್ಲಿ, ಗಲ್ಫ್ ದೇಶಗಳಲ್ಲಿ ಫೋರ್ಡ್ ಈ ಟಯರುಗಳನ್ನು ಬದಲಿಸಿ ಕೊಟ್ಟಿತ್ತು. ಮರುಭೂಮಿಯ ಕಾದ ರಸ್ತೆಯಲ್ಲಿ ದೋಷ ಮೊದಲೇ ಕಾಣಿಸಿಕೊಂಡಿತ್ತು. ಆ ಸುದ್ದಿಯನ್ನು ಆಗಲೇ ಅಮೆರಿಕದ ಅಧಿಕಾರಿಗಳಿಗೆ ಮುಟ್ಟಿಸಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಈ ನೋವಿನಿಂದಲೇ 2000ದ ನವೆಂಬರ್ 1ರಂದು ಅಲ್ಲಿ 'ಟ್ರೆಡ್' ಕಾಯ್ದೆ ಬಂತು. ಹೊರದೇಶದಲ್ಲಿ ವಾಪಸಾತಿ ಮಾಡಿದರೂ ಸರ್ಕಾರಕ್ಕೆ ತಿಳಿಸಬೇಕು ಎಂಬ ನಿಯಮವೂ, ಟಯರಿನ ಗಾಳಿ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುವ ವ್ಯವಸ್ಥೆಯೂ ಬಂದದ್ದು ಅದರಿಂದ.

ಭಾರಿ ಟ್ರಕ್‌ಗಳ ವಿಷಯದಲ್ಲಿ ಅಮೆರಿಕವೂ ಪೂರ್ತಿ ಪಾಠ ಕಲಿತಿಲ್ಲ. ಅಲ್ಲಿನ ಅನೇಕ ಟ್ರಕ್ ಟಯರುಗಳ ಮಿತಿ ಗಂಟೆಗೆ 75 ಮೈಲಿ, ಅಂದರೆ ಸುಮಾರು 120 ಕಿ.ಮೀ. ಟೆಕ್ಸಾಸಿನ ಒಂದು ಹೆದ್ದಾರಿಯಲ್ಲಿ ಕಾನೂನೇ 85 ಮೈಲಿಗೆ ಅನುಮತಿ ಕೊಟ್ಟಿದೆ. ಭಾರಿ ವಾಹನಗಳಿಗೆ ವೇಗ ನಿಯಂತ್ರಕ ಕಡ್ಡಾಯ ಮಾಡುವ ಪ್ರಸ್ತಾವ 2016ರಲ್ಲಿ ಬಂದರೂ ಕಾನೂನಾಗಲಿಲ್ಲ. ಈ ಒಂದು ವಿಷಯದಲ್ಲಿ ನಾವು ಅವರಿಗಿಂತ ಮುಂದಿದ್ದೇವೆ, ಕಾಗದದ ಮೇಲಾದರೂ.

> ಪಕ್ಕೆಯಲ್ಲಿ ಏನು ಬರೆದಿದೆ?
>
> ಲಾರಿಯ ಟಯರಿನಲ್ಲಿ 10.00 ಆರ್ 20 146/143 ಕೆ ಎಂದಿದ್ದರೆ:
>
> 10.00 ಟಯರಿನ ಅಗಲ, ಇಂಚಿನಲ್ಲಿ. ಆರ್ ಎಂದರೆ ರೇಡಿಯಲ್. 20 ರಿಮ್ಮಿನ ವ್ಯಾಸ, ಇಂಚಿನಲ್ಲಿ.
>
> 146 ಒಂಟಿ ಚಕ್ರವಾಗಿ ಹೊರಬಹುದಾದ ಭಾರ: 3,000 ಕೆ.ಜಿ. 143 ಜೋಡಿ ಚಕ್ರದಲ್ಲಿ ಪ್ರತಿ ಟಯರಿಗೆ: 2,725 ಕೆ.ಜಿ.
>
> ಕೆ ಆ ಭಾರದಲ್ಲಿ ಓಡಬಹುದಾದ ಗರಿಷ್ಠ ವೇಗ: ಗಂಟೆಗೆ 110 ಕಿ.ಮೀ.
>
> ಇತರ ಅಕ್ಷರಗಳು: ಎಫ್ 80, ಜಿ 90, ಜೆ 100, ಎಲ್ 120, ಎಂ 130, ಎನ್ 140, ಎಸ್ 180, ಟಿ 190, ಎಚ್ 210, ವಿ 240.
>
> ತಯಾರಾದ ದಿನಕ್ಕೆ ನಾಲ್ಕು ಅಂಕಿ ನೋಡಿ. 2319 ಎಂದರೆ 2019ನೇ ಇಸವಿಯ 23ನೇ ವಾರ.

ಬಿಸಿಯೇ ಶತ್ರು

ಟಯರಿಗೆ ವೇಗದ ಮಿತಿ ಯಾಕೆ? ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ಮೇಲೆ ಹೋದಾಗ ಮತ್ತೆ ಸೆಟೆಯುತ್ತದೆ. ಹತ್ತಿಪ್ಪತ್ತು (10.00 ಆರ್ 20) ಅಳತೆಯ ಲಾರಿ ಟಯರು 80 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 400 ಸುತ್ತು ಸುತ್ತುತ್ತದೆ. ಅಂದರೆ ಅದರ ಮೈಯ ಒಂದೊಂದು ಅಂಗುಲವೂ ನಿಮಿಷಕ್ಕೆ 400 ಸಲ ಬಾಗಿ ಏಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಗ್ಗಿಸಿದ ಜಾಗ ಬಿಸಿಯಾಗುತ್ತದಲ್ಲ, ರಬ್ಬರಿನಲ್ಲೂ ಹಾಗೆಯೇ. ರಬ್ಬರು ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಒಳಗೆ ಸೇರಿದ ಕಾವು ಉಕ್ಕಿನ ಎಳೆಗೂ ರಬ್ಬರಿಗೂ ಇರುವ ಬೆಸುಗೆಯನ್ನು ಸಡಿಲಿಸುತ್ತದೆ.

ಭಾರ ಹೆಚ್ಚಾದರೆ ಬಾಗುವುದು ಹೆಚ್ಚು. ಗಾಳಿ ಕಡಿಮೆಯಾದರೂ ಅಷ್ಟೇ. ವೇಗ ಹೆಚ್ಚಾದರೆ ಬಾಗುವ ಸಲಗಳು ಹೆಚ್ಚು, ತಣಿಯಲು ಸಿಗುವ ಹೊತ್ತು ಕಡಿಮೆ. ಮೇಲಾಗಿ ಹೊರಕ್ಕೆ ಸೆಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 80ರಿಂದ 100ಕ್ಕೆ ಹೋದರೆ ಅದು ಕಾಲುಪಾಲು ಮಾತ್ರ ಹೆಚ್ಚು. ಸೆಳೆತ ಮಾತ್ರ ಅರ್ಧಕ್ಕಿಂತ ಹೆಚ್ಚು ಏರಿರುತ್ತದೆ. ಬಿಸಿಯಾಗಿ ಸಡಿಲವಾದ ಪದರವನ್ನು ಕಿತ್ತೆಸೆಯುವುದು ಈ ಸೆಳೆತ.

ಅಕ್ಷರ ಸುಮ್ಮನೆ ಬರುವುದಿಲ್ಲ. ವಾಣಿಜ್ಯ ವಾಹನಗಳ ಟಯರಿಗೆ ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 54ನೇ ನಿಯಮಾವಳಿಯ ಪ್ರಕಾರ, 1.7 ಮೀಟರ್ ವ್ಯಾಸದ ಉಕ್ಕಿನ ಡ್ರಮ್ಮಿಗೆ ಟಯರನ್ನು ಒತ್ತಿಹಿಡಿದು ಓಡಿಸುತ್ತಾರೆ. ಗೊತ್ತುಮಾಡಿದ ಭಾರದ ನೂರಕ್ಕೆ 66ರಷ್ಟು ಹೇರಿ 7 ತಾಸು, 84ರಷ್ಟರಲ್ಲಿ 16 ತಾಸು, 101ರಷ್ಟರಲ್ಲಿ 24 ತಾಸು. ಒಟ್ಟು 47 ತಾಸು ನಿಲ್ಲದ ಓಟ. ಪದರ ಬಿಡಬಾರದು, ಎಳೆ ಹರಿಯಬಾರದು, ತುಂಡು ಕಿತ್ತುಬರಬಾರದು.

ಈ ಪರೀಕ್ಷೆಯ ಒಂದು ವಿವರವನ್ನು ಕರಾವಳಿಯವರು ಗಮನಿಸಬೇಕು. ಪರೀಕ್ಷಾ ಕೋಣೆಯ ಉಷ್ಣತೆ ಸಾಮಾನ್ಯವಾಗಿ 20ರಿಂದ 30 ಡಿಗ್ರಿ. ಭಾರ ನೂರಕ್ಕೆ 101, ಅದರಾಚೆಗಿಲ್ಲ. ಗಾಳಿ ಕರಾರುವಾಕ್ಕಾಗಿ ತುಂಬಿರುತ್ತದೆ. ನಮ್ಮ ಮೇ ತಿಂಗಳ ಡಾಂಬರು, ತುಂಬಿ ತುಳುಕುವ ಟಿಪ್ಪರು, ವಾರಕ್ಕೊಮ್ಮೆಯೂ ಅಳೆಯದ ಗಾಳಿ ಆ ಕೋಣೆಯೊಳಗೆ ಇರುವುದಿಲ್ಲ. ಟಯರಿನ ಮೇಲಿನ 110 ಎಂಬುದು ಆ ಷರತ್ತುಗಳೆಲ್ಲ ಕೂಡಿಬಂದಾಗಿನ 110.

ಹನ್ನೊಂದೂವರೆ ಟನ್ನಿನ ಲೆಕ್ಕ

"ನಮ್ಮ ಲಾರಿ ಎಂತ 110ರಲ್ಲಿ ಓಡುವುದುಂಟಾ? ಅಕ್ಷರ ನೋಡಿ ನಮಗೇನು?" ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಇರುವುದು ಆ ಅಕ್ಷರದ ಹಿಂದಿನ ಸಂಖ್ಯೆಯಲ್ಲಿ.

2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಲಾರಿಗಳ ಆ್ಯಕ್ಸಲ್ ಭಾರದ ಮಿತಿ ಏರಿಸಿತು. ನಾಲ್ಕು ಟಯರಿನ ಹಿಂಬದಿ ಆ್ಯಕ್ಸಲಿನ ಮೇಲೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಎರಡು ಆ್ಯಕ್ಸಲಿನ ಲಾರಿಯ ಒಟ್ಟು ತೂಕ 16.2ರಿಂದ 18.5 ಟನ್ನಿಗೆ ಏರಿತು. ಸಾಗಾಟದ ಖರ್ಚು ಇಳಿಯುತ್ತದೆ, ಓವರ್‌ಲೋಡಿನ ಲಂಚ ತಪ್ಪುತ್ತದೆ ಎಂದು ಅನೇಕರು ಸ್ವಾಗತಿಸಿದರು.

ಈಗ ಗುಣಿಸಿ ನೋಡಿ. 143 ಎಂದು ಬರೆದ ಟಯರು ಜೋಡಿಯಲ್ಲಿ ಹೊರುವುದು 2,725 ಕೆ.ಜಿ. ನಾಲ್ಕು ಸೇರಿ 10,900 ಕೆ.ಜಿ. ಹಳೆ ಮಿತಿಯಾದ 10.2 ಟನ್ನಿಗೆ ಅದು ಸಾಕಿತ್ತು, ಸ್ವಲ್ಪ ಉಳಿಕೆಯೂ ಇತ್ತು. ಹೊಸ ಮಿತಿಗೆ 600 ಕೆ.ಜಿ. ಕಡಿಮೆ ಬೀಳುತ್ತದೆ. ಕಾನೂನಿನ ಒಳಗೇ ಲೋಡು ಮಾಡಿದರೂ ಹಳೆ ಟಯರಿನ ಲೆಕ್ಕದಲ್ಲಿ ಅದು ಓವರ್‌ಲೋಡು. ಹಾಗಾಗಿಯೇ 149/146ರಂಥ ಹೆಚ್ಚು ಬಲದ ಟಯರುಗಳು ಬೇಕಾದವು. 146 ಎಂದರೆ ಜೋಡಿಯಲ್ಲಿ ಪ್ರತಿ ಟಯರಿಗೆ 3,000, ನಾಲ್ಕಕ್ಕೆ 12,000 ಕೆ.ಜಿ. ಅಳತೆ ಅದೇ, ನೋಟವೂ ಹೆಚ್ಚುಕಡಿಮೆ ಅದೇ. ಪಕ್ಕೆ ಓದದ ಹೊರತು ಎರಡರ ವ್ಯತ್ಯಾಸ ತಿಳಿಯುವುದು ಕಷ್ಟ.

ವೇಗ ಮತ್ತೆ ಇಲ್ಲಿ ಬರುತ್ತದೆ. ವೇಗ ತಗ್ಗಿಸಿದರೆ ಅದೇ ಟಯರು ಗೊತ್ತುಮಾಡಿದ್ದಕ್ಕಿಂತ ಒಂದಿಷ್ಟು ಹೆಚ್ಚು ಭಾರ ಹೊರಬಹುದೆಂದು ಅಂತಾರಾಷ್ಟ್ರೀಯ ಮಾನಕಗಳು ಒಪ್ಪುತ್ತವೆ. ಮಿತಿ ಮುಟ್ಟಿದ ಟಯರನ್ನು ಕಾಪಾಡುತ್ತಿರುವುದು ಸ್ಪೀಡ್ ಗವರ್ನರ್. 2015ರ ಅಕ್ಟೋಬರ್ 1ರ ನಂತರ ತಯಾರಾದ ಲಾರಿಗಳಿಗೆ ಅದು ಕಡ್ಡಾಯ. ಸಾಮಾನ್ಯ ಸರಕು ವಾಹನಕ್ಕೆ 80 ಕಿ.ಮೀ., ಟಿಪ್ಪರು, ಟ್ಯಾಂಕರು ಮತ್ತು ಶಾಲಾ ಬಸ್ಸಿಗೆ 60 ಕಿ.ಮೀ. ಅದರ ವಯರನ್ನು ಕಿತ್ತು ಗಾಡಿ ಓಡಿಸುವವರು ಪೊಲೀಸರ ಕಣ್ಣು ತಪ್ಪಿಸಿದೆವು ಎಂದುಕೊಳ್ಳುತ್ತಾರೆ. ನಿಜವಾಗಿ ಅವರು ಕಿತ್ತದ್ದು ತಮ್ಮದೇ ಟಯರಿಗೆ ಉಳಿದಿದ್ದ ಕೊನೆಯ ಆಸರೆಯನ್ನು.

ಇಷ್ಟೆಲ್ಲ ತಿಳಿದ ಮೇಲೆ ನಮ್ಮ ರಸ್ತೆಗಳನ್ನು ನೋಡಿದರೆ ಎದೆ ನಡುಗುತ್ತದೆ. ಮೂಡುಬಿದಿರೆಯಿಂದ ಕಾರ್ಕಳ, ಬಜಗೋಳಿ, ಮಾಳ ದಾಟಿ ಘಟ್ಟ ಹತ್ತುವ ರಾಷ್ಟ್ರೀಯ ಹೆದ್ದಾರಿ 169. ಪಡುಬಿದ್ರಿಯಿಂದ ಬೆಳ್ಮಣ್, ನಿಟ್ಟೆ ಮೇಲಾಗಿ ಬರುವ ರಾಜ್ಯ ಹೆದ್ದಾರಿ. ಕಾಪು, ಉಡುಪಿ ಹಾದು ಹೋಗುವ 66. ಆಗಸ್ಟ್ 1ರಂದು ಮೀನುಗಾರಿಕೆಯ ನಿಷೇಧ ಮುಗಿದ ಮೇಲೆ ಮಲ್ಪೆಯಿಂದ ಮೀನಿನ ಗಾಡಿಗಳು ರಾತ್ರಿಯಿಡೀ ಓಡುತ್ತವೆ. ಬೆಳಗಿನ ಮಾರುಕಟ್ಟೆಗೆ ಮುಟ್ಟದಿದ್ದರೆ ಮೀನಿಗೆ ದರವಿಲ್ಲ. ಐಸಿನ ನೀರು ಸುರಿಯುತ್ತ ಹೋಗುವ ಆ ಪಿಕಪ್ಪುಗಳ ಹಿಂದೆಯೇ ಸ್ಕೂಟರಿನಲ್ಲಿ ನಮ್ಮ ಮಕ್ಕಳು ಹೋಗುತ್ತಿರುತ್ತಾರೆ.

ಪಿಕಪ್ಪಿನಲ್ಲಿ ಇನ್ನೊಂದು ಅಪಾಯ ಇದೆ. 185 ಆರ್ 14 ಎಂಬ ವಾಣಿಜ್ಯ ಟಯರಿನ ಹೊರೆ ಸಂಖ್ಯೆ 102, ಅಂದರೆ 850 ಕೆ.ಜಿ. ಅದೇ 14 ಇಂಚಿನ ರಿಮ್ಮಿಗೆ ಕೂರುವ ಕಾರಿನ ಟಯರಿದೆ, ಸಂಖ್ಯೆ 86, ಹೊರುವುದು 530 ಕೆ.ಜಿ. ಅದರ ವೇಗದ ಅಕ್ಷರ ಟಿ ಅಥವಾ ಎಚ್ ಇರಬಹುದು, 190 ಅಥವಾ 210. 'ಹೈಸ್ಪೀಡ್ ಟಯರು, ಒಳ್ಳೆಯದೇ ಅಲ್ಲವೇ' ಎಂದು ಹಾಕಿಸಿಕೊಂಡರೆ ಚಕ್ರವೊಂದಕ್ಕೆ 320 ಕೆ.ಜಿ. ತಾಳಿಕೆ ಕಳೆದುಕೊಂಡಂತೆ. ವೇಗದ ಅಕ್ಷರ ದೊಡ್ಡದಿದ್ದ ಮಾತ್ರಕ್ಕೆ ಟಯರು ಗಟ್ಟಿಯಲ್ಲ. ಸಂಖ್ಯೆ ಮತ್ತು ಅಕ್ಷರವನ್ನು ಒಟ್ಟಿಗೇ ಓದಬೇಕು.

> ಅಂಕಿಗಳಲ್ಲಿ
>
> 2022ರಲ್ಲಿ ಭಾರತದ ರಸ್ತೆ ಅಪಘಾತಗಳು 4,61,312. ಸತ್ತವರು 1,68,491. ಅತಿವೇಗದ ಲೆಕ್ಕಕ್ಕೆ ಬಂದ ಸಾವುಗಳು ನೂರಕ್ಕೆ 71.2.
>
> ಸರಕು ವಾಹನಕ್ಕೆ ವೇಗಮಿತಿ (2018): ಎಕ್ಸ್‌ಪ್ರೆಸ್‌ವೇ ಮತ್ತು ನಾಲ್ಕು ಪಥದ ವಿಭಜಿತ ರಸ್ತೆಯಲ್ಲಿ 80, ಉಳಿದೆಡೆ 60 ಕಿ.ಮೀ.
>
> ಓವರ್‌ಲೋಡಿಗೆ ದಂಡ: 20,000 ರೂ., ಜೊತೆಗೆ ಹೆಚ್ಚುವರಿ ಟನ್ನಿಗೆ 2,000 ರೂ.
>
> ಲಾರಿ, ಕಾರಿನ ಟಯರಿನಲ್ಲಿ ಕನಿಷ್ಠ ಉಳಿದಿರಬೇಕಾದ ಬಟನ್ ಆಳ: 1.6 ಮಿ.ಮೀ.

ಕಾನೂನು ಬಂತು, ಅರ್ಧ ದಾರಿ

ನಮ್ಮ ದೇಶದಲ್ಲಿ ವಾಪಸಾತಿ ಬಹುಕಾಲ ಕಂಪನಿಗಳ ಮನಸ್ಸಿಗೆ ಬಿಟ್ಟ ಸಂಗತಿಯಾಗಿತ್ತು. 2012ರ ಜುಲೈಯಲ್ಲಿ ವಾಹನ ತಯಾರಕರ ಸಂಘ 'ಸಿಯಾಮ್' ಸ್ವಯಂಪ್ರೇರಿತ ಸಂಹಿತೆಯೊಂದನ್ನು ತಂದಿತು. ಮರುವರ್ಷ ಷೆವರ್ಲೆ ಟವೇರಾ 1.14 ಲಕ್ಷ ಗಾಡಿಗಳು ಹೊಗೆಯ ಪರೀಕ್ಷೆಯ ಅಕ್ರಮಕ್ಕಾಗಿ ವಾಪಸ್ ಬಂದಾಗ, ಕಂಪನಿಗಳ ಒಳ್ಳೆಯತನವನ್ನೇ ನಂಬಿ ಕೂರಬಾರದು ಎಂಬುದು ಎಲ್ಲರಿಗೂ ಗೊತ್ತಾಯಿತು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿತು. 2021ರ ಏಪ್ರಿಲ್ 1ರಿಂದ ಅದರ ನಿಯಮಗಳು ಜಾರಿಯಲ್ಲಿವೆ. ಏಳು ವರ್ಷದೊಳಗಿನ ವಾಹನಗಳಲ್ಲಿ ಜೀವಕ್ಕೆ ಅಪಾಯವಾಗುವ ದೋಷ ಕಂಡುಬಂದರೆ ಸರ್ಕಾರವೇ ವಾಪಸಾತಿಗೆ ಆದೇಶಿಸಬಹುದು. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿ. ದೋಷ ಇರುವುದು ಬಿಡಿಭಾಗದಲ್ಲಾದರೆ ಆ ಬಿಡಿಭಾಗ ಇರುವ ಎಲ್ಲ ವಾಹನಗಳನ್ನೂ ಕರೆಸಬಹುದು. ಟಯರೂ ಅದರೊಳಗೆ ಬರುತ್ತದೆ. ಅದೇ ವರ್ಷದ ಆಗಸ್ಟಿನಲ್ಲಿ ಮಹೀಂದ್ರಾ ಕಂಪನಿ ತಾನಾಗಿಯೇ 29,878 ಪಿಕಪ್ಪುಗಳನ್ನು ದ್ರವದ ಪೈಪೊಂದನ್ನು ಬದಲಿಸಲು ಕರೆಸಿತು. ಇದು ಒಳ್ಳೆಯ ಸೂಚನೆ.

ಆದರೂ ಈ ಕಾನೂನು ಜೋಡುರಸ್ತೆಯ ಆ ಅಂಗಡಿಯವರೆಗೆ ತಲುಪುವುದಿಲ್ಲ. ಕಾರ್ಖಾನೆಯಿಂದ ಬಂದ ಟಯರು ಲಾರಿಯ ಆಯುಷ್ಯದಲ್ಲಿ ಒಂದು ಸಲ ಮಾತ್ರ. ಅದು ಸವೆದ ಮೇಲೆ ಬರುವ ಹೊಸ ಟಯರು, ರೀಟ್ರೆಡ್ ಮಾಡಿಸಿದ್ದು, ಇನ್ನೊಂದು ಗಾಡಿಯಿಂದ ಬಿಚ್ಚಿದ್ದು, ಇದ್ಯಾವುದೂ ವಾಹನ ಕಂಪನಿಯ ಹೊಣೆಯಲ್ಲ. ಬಡ ಡ್ರೈವರಿನ ಮೇಲೆ ಅದನ್ನೆಲ್ಲ ಹೊರಿಸುವುದು ಅನ್ಯಾಯ. ಯಾವ ಟಯರು ಹಾಕಬೇಕು, ಎಷ್ಟು ಲೋಡು ಹಾಕಬೇಕು ಎಂದು ನಿರ್ಧರಿಸುವವರು ಅವರಲ್ಲ. ಟಯರು ಒಡೆದರೆ ಮೊದಲು ಸಾಯುವವರು ಮಾತ್ರ ಅವರು.

ಮಾಡಬಹುದಾದ ಕೆಲಸ ಕಣ್ಣೆದುರೇ ಇದೆ. ಎಂಟು ವರ್ಷದೊಳಗಿನ ಸರಕು ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ (ಅರ್ಹತಾ ಪತ್ರ) ಮಾಡಿಸಲೇಬೇಕು. ಅಲ್ಲಿ ಬಟನ್ ನೋಡುವುದರ ಜೊತೆಗೆ ಪ್ರತಿ ಟಯರಿನ ಹೊರೆ ಸಂಖ್ಯೆ ಮತ್ತು ವೇಗದ ಅಕ್ಷರವನ್ನು ದಾಖಲಿಸಿ, ಆರ್‌ಸಿಯಲ್ಲಿರುವ ಒಟ್ಟು ತೂಕದೊಂದಿಗೆ ತಾಳೆ ನೋಡಬೇಕು. ಒಂದು ಗಾಡಿಗೆ ಹತ್ತು ನಿಮಿಷದ ಕೆಲಸ. ನಾಗಪುರ–ಮುಂಬೈ ಸಮೃದ್ಧಿ ಹೆದ್ದಾರಿಯಲ್ಲಿ ಟಯರು ಒಡೆದು ಅಪಘಾತಗಳಾದಾಗ ಮಹಾರಾಷ್ಟ್ರದ ಆರ್‌ಟಿಒದವರು 2023ರಲ್ಲಿ ಪ್ರವೇಶದ್ವಾರದಲ್ಲೇ ಟಯರು ಪರೀಕ್ಷಿಸಿ, ಸವೆದ ಗಾಡಿಗಳನ್ನು ಹಿಂದಕ್ಕೆ ಕಳಿಸಿದರು. ಅಲ್ಲಿ ಆದದ್ದು ಇಲ್ಲಿ ಆಗದಿರಲು ಕಾರಣವಿಲ್ಲ.

ನಮ್ಮಲ್ಲಿ ಅನುಕೂಲವೂ ಇದೆ. ನಿಟ್ಟೆಯಲ್ಲಿ ಎಂಜಿನಿಯರಿಂಗ್ ಕಾಲೇಜು ಇದೆ, ಮಣಿಪಾಲದಲ್ಲಿ 1957ರಿಂದ ಎಂಐಟಿ ಇದೆ. ಎರಡೂ ಕಡೆಯ ಮೆಕ್ಯಾನಿಕಲ್ ವಿಭಾಗದ ಹುಡುಗ ಹುಡುಗಿಯರು ಕೋರೆಗಳ ಗೇಟಿನಲ್ಲಿ, ಮಲ್ಪೆ ಬಂದರಿನಲ್ಲಿ ಒಂದೊಂದು ದಿನ ನಿಂತು ಟಯರಿನ ಪಕ್ಕೆ ಓದಿ ಹೇಳಿದರೆ ಅದಕ್ಕಿಂತ ಒಳ್ಳೆಯ ಪ್ರಾಯೋಗಿಕ ಪಾಠ ಯಾವುದಿದೆ? ಲಾರಿ ಮಾಲೀಕರ ಸಂಘಗಳೂ ಸಾರಿಗೆ ಇಲಾಖೆಯೂ ಜೊತೆಗೆ ನಿಂತರೆ ಮಳೆಗಾಲಕ್ಕೆ ಮುಂಚೆಯೇ ಇದನ್ನು ಶುರು ಮಾಡಬಹುದು.

> ಕಾರಿನವರಿಗೂ ಒಂದು ಮಾತು
>
> ಈಗಿನ ಅನೇಕ ಕಾರುಗಳ ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಸಣ್ಣದು. ಅದರ ಮೇಲೆ 80 ಕಿ.ಮೀ. ಎಂಬ ಸ್ಟಿಕ್ಕರ್ ಇದ್ದರೆ ಅದನ್ನು ಹಾಕಿಕೊಂಡು ಪಂಕ್ಚರ್ ಅಂಗಡಿಯವರೆಗೆ ಹೋಗಬಹುದು. ಬೆಂಗಳೂರಿಗೆ ಹೋಗಬಾರದು.

ಟಯರು ಬದಲಿಸುವ ಪ್ರತಿಯೊಬ್ಬರಲ್ಲೂ ಒಂದು ವಿನಂತಿ. ಹೊಸದಿರಲಿ, ಹಳೆಯದಿರಲಿ, ಅಂಗಡಿಯವರಿಂದ ಬಿಲ್ಲಿನಲ್ಲಿ ಮೂರು ಸಂಗತಿ ಬರೆಸಿಕೊಳ್ಳಿ: ಹೊರೆ ಸಂಖ್ಯೆ, ವೇಗದ ಅಕ್ಷರ, ತಯಾರಾದ ವಾರ. ಮೊದಲೆರಡು ನಿಮ್ಮ ಗಾಡಿಗೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆಯಿದ್ದರೆ ಎಷ್ಟೇ ಅಗ್ಗವಾದರೂ ಬೇಡ ಎನ್ನಿ. ಹೊಸ ಗಾಡಿಯಲ್ಲೇ ದೋಷ ಕಂಡರೆ ಡೀಲರಿಗೆ ಹೇಳಿ ಸುಮ್ಮನಾಗಬೇಡಿ, ಕೇಂದ್ರ ಸಾರಿಗೆ ಇಲಾಖೆಯ ವಾಹನ್ ಪೋರ್ಟಲಿನಲ್ಲಿ ದೂರು ದಾಖಲಿಸಿ. ನಿಗದಿತ ಸಂಖ್ಯೆಯಲ್ಲಿ ದೂರುಗಳು ಬಂದರೆ ಸರ್ಕಾರ ತನಿಖೆ ಮಾಡಿ ಕಂಪನಿಗೆ ವಾಪಸಾತಿಯ ಆದೇಶ ಕೊಡಬಹುದು.